ಸುತ್ತಿಗೆ ಪೆಟ್ಟಿನ ಬೆಳ್ಳಿ ನಾಣ್ಯ: ಯಾರ ಕಾಲದ್ದು, ಎಷ್ಟು ಬಾಳುತ್ತದೆ?

ಇಂಗ್ಲೆಂಡಿನಲ್ಲಿ ಕಟಾವು ಮುಗಿದು ಹೊಲ ಬರಿದಾಯಿತೆಂದರೆ ಮೆಟಲ್ ಡಿಟೆಕ್ಟರ್ ಹವ್ಯಾಸಿಗಳಿಗೆ ಸುಗ್ಗಿ. ಕಿವಿಗೆ ಹೆಡ್‌ಫೋನು, ಸೊಂಟಕ್ಕೊಂದು ಸಣ್ಣ ಸಲಿಕೆ. ದಿನವಿಡೀ ಅಡ್ಡಾಡಿದರೂ ಹೆಚ್ಚಾಗಿ ಸಿಗುವುದು ಸೀಸದ ಗುಂಡು, ಕೋಟಿನ ಗುಂಡಿ, ಕೋವಿಯ ತೋಟಾ, ಪಾನೀಯದ ಕ್ಯಾನಿನ ಉಂಗುರ. ಇವುಗಳ ನಡುವೆ ಯಾವಾಗಲೋ ಒಮ್ಮೆ ಮಣ್ಣಿನ ಹೆಂಟೆಯಿಂದ ಬೂದು ಬಣ್ಣದ ತೆಳ್ಳನೆಯ ಬಿಲ್ಲೆಯೊಂದು ಇಣುಕುತ್ತದೆ. ಅಂಚು ಸೊಟ್ಟ, ಚಿತ್ರ ಅರೆಬರೆ, ಅಕ್ಷರ ಅರ್ಧಂಬರ್ಧ. ಹವ್ಯಾಸಿಗಳು 'ಹ್ಯಾಮರ್ಡ್', ಅಂದರೆ ಸುತ್ತಿಗೆ ಪೆಟ್ಟಿನ ನಾಣ್ಯ, ಎಂದು ಕೂಗಿ ಕುಣಿಯುವುದು ಇದಕ್ಕೇ. ಯೂಟ್ಯೂಬಿನಲ್ಲಿ ಆ ಕುಣಿತ ನೋಡಿದ ನಮ್ಮವರ ಮೊದಲ ಪ್ರಶ್ನೆ ಒಂದೇ: ಎಷ್ಟು ಬಾಳುತ್ತದೆ?

ಬೆಳ್ಳಿಯ ಲೆಕ್ಕ ಹಿಡಿದರೆ ಏನೂ ಇಲ್ಲ. ಮಧ್ಯಯುಗದ ಇಂಗ್ಲೆಂಡಿನ ಬೆಳ್ಳಿ ನಾಣ್ಯವಾದ ಪೆನ್ನಿಯೊಂದರ ತೂಕ ಸಾಮಾನ್ಯವಾಗಿ ಒಂದೂವರೆ ಗ್ರಾಮನ್ನೂ ಮುಟ್ಟುವುದಿಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೂ ಬೆಲೆ ಬರುವುದಿಲ್ಲ. 700 ವರ್ಷದ ಹಿಂದಿನ ನಾಣ್ಯ 30 ಪೌಂಡಿಗೆ ಸಿಗುವುದುಂಟು, ಅದಕ್ಕಿಂತ 350 ವರ್ಷ ಚಿಕ್ಕದು ಸಾವಿರಾರು ಪೌಂಡಿಗೆ ಹೋಗುವುದೂ ಉಂಟು. ಬೆಲೆಯೆಲ್ಲ ಇರುವುದು ಆ ನಾಣ್ಯದಿಂದ ಎಷ್ಟು ಓದಲು ಸಾಧ್ಯ ಎಂಬುದರಲ್ಲಿ. ಹಾಗಾಗಿ ಮೊದಲು ಓದಲು ಕಲಿಯೋಣ, ಚೌಕಾಸಿ ಆಮೇಲೆ.

ತಯಾರಿಕೆ ಸರಳ. ಗಟ್ಟಿ ಕಬ್ಬಿಣದ ಅಚ್ಚೊಂದನ್ನು ಮರದ ದಿಮ್ಮಿಗೆ ನೆಟ್ಟು, ಅದರ ಮೇಲೆ ಬೆಳ್ಳಿಯ ಬಿಲ್ಲೆ ಇಟ್ಟು, ಇನ್ನೊಂದು ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಒಂದು ಏಟು. ಕೆಳಗಿನ ಅಚ್ಚಿನಲ್ಲಿ ಸಾಮಾನ್ಯವಾಗಿ ರಾಜನ ಮುಖ, ಮೇಲಿನದರಲ್ಲಿ ಶಿಲುಬೆ. ಏಟು ನೇರವಾಗಿ ಬೀಳುವುದು ಮೇಲಿನ ಅಚ್ಚಿಗಾದ್ದರಿಂದ ಅದೇ ಬೇಗ ಸವೆಯುತ್ತಿತ್ತು. ಕೈ ಜಾರಿದರೆ ಚಿತ್ರ ಪಕ್ಕಕ್ಕೆ ಸರಿಯುತ್ತದೆ, ಬಿಲ್ಲೆ ಅಲುಗಾಡಿ ಎರಡನೇ ಏಟು ಬಿದ್ದರೆ ರಾಜನಿಗೆ ಎರಡು ಮೂಗು. ಟಿಪ್ಪುವಿನ ಕಾಲದ ಆನೆ ಚಿತ್ರದ ತಾಮ್ರದ ಕಾಸನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಇದು ಹೊಸದಲ್ಲ. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲೂ ಕೆಲಸ ನಡೆಯುತ್ತಿದ್ದುದು ಹೀಗೆಯೇ, ಆನೆಯ ಸೊಂಡಿಲೋ ಬಾಲವೋ ಬಿಲ್ಲೆಯಿಂದಾಚೆ ಹೋಗಿರುತ್ತದೆ. ಇಂಗ್ಲೆಂಡಿನಲ್ಲಿ ಈ ಪದ್ಧತಿ ಕೊನೆಗೊಂಡದ್ದು 1662ರಲ್ಲಿ, ಎರಡನೇ ಚಾರ್ಲ್ಸ್ ಯಂತ್ರದ ನಾಣ್ಯವನ್ನು ಕಾಯಂ ಮಾಡಿದಾಗ. ಹಳೆಯ ನಾಣ್ಯಗಳು 1696ರ ದೊಡ್ಡ ಮರುಟಂಕಣದವರೆಗೂ ಜನರ ಕೈಯಲ್ಲಿ ಓಡಾಡುತ್ತಿದ್ದವು. ಆ ವರ್ಷವೇ ಐಸಾಕ್ ನ್ಯೂಟನ್ ಲಂಡನ್ ಟಂಕಸಾಲೆಯ ವಾರ್ಡನ್ ಆಗಿ ಬಂದದ್ದು.

ಈಗ ಗುರುತು ಹಿಡಿಯುವ ವಿಷಯ. ಹೊಸಬರೆಲ್ಲ ಮೊದಲು ರಾಜನ ಹೆಸರು ಹುಡುಕುತ್ತಾರೆ. ನನ್ನ ಮಾತು ಕೇಳುವುದಾದರೆ, ಹೆಸರನ್ನು ಕೊನೆಗೆ ನಂಬಿ. ಎರಡನೇ ಹೆನ್ರಿ 1180ರಲ್ಲಿ ಗಿಡ್ಡ ಶಿಲುಬೆಯ ಪೆನ್ನಿ ಹೊರಡಿಸಿದ, ಅದರ ಮೇಲೆ 'ಹೆನ್ರಿಕಸ್ ರೆಕ್ಸ್' ಎಂದಿತ್ತು. ಅವನ ನಂತರ ಮಗ ರಿಚರ್ಡ್ ಬಂದ, ಆಮೇಲೆ ಜಾನ್ ಬಂದ, ನಾಣ್ಯದ ಮೇಲಿನ ಹೆಸರು ಮಾತ್ರ ಬದಲಾಗಲಿಲ್ಲ. ಮೊಮ್ಮಗ ಮೂರನೇ ಹೆನ್ರಿಯ ಕಾಲದಲ್ಲೂ 1247ರವರೆಗೆ ಅದೇ ಅಚ್ಚಿನ ಮಾದರಿ. ರಾಬಿನ್ ಹುಡ್ ಕಥೆಗಳ ರಾಜ ಜಾನ್ ಇಂಗ್ಲೆಂಡಿನಲ್ಲಿ ಒತ್ತಿಸಿದ ಪೆನ್ನಿ ಸಿಕ್ಕಿತೆಂದರೆ ಅದರಲ್ಲಿ ಜಾನ್ ಎಂದು ಇರುವುದೇ ಇಲ್ಲ. ಹೆನ್ರಿಯ ಗಡ್ಡದ ಗೀಟು, ಕೂದಲ ಸುರುಳಿಗಳ ಎಣಿಕೆ, ಹಿಂಬದಿಯಲ್ಲಿರುವ ಟಂಕಕಾರನ ಹೆಸರು ಇವನ್ನು ನೋಡಿಯೇ ಯಾರ ಆಳ್ವಿಕೆ ಎಂದು ಹೇಳಬೇಕು.

ಆ ಕಾಲದ ಪೆನ್ನಿಗಳ ಹಿಂಬದಿಯಲ್ಲಿ ಅದನ್ನು ಟಂಕಿಸಿದವನ ಹೆಸರೂ ಊರೂ ಇರುತ್ತಿದ್ದವು. 'ನಿಕೋಲ್ ಆನ್ ಲುಂಡ್' ಎಂದಿದ್ದರೆ ಲಂಡನ್ನಿನ ನಿಕೋಲ್ ಎಂದರ್ಥ. ಇದು ಗೌರವಕ್ಕೆ ಹಾಕಿದ ಹೆಸರಲ್ಲ, ಬೆಳ್ಳಿಯಲ್ಲಿ ಬೆರಕೆ ಕಂಡರೆ ಯಾರನ್ನು ಹಿಡಿಯಬೇಕೆಂದು ತಿಳಿಯಲಿ ಎಂದು. ಮೊದಲನೇ ಹೆನ್ರಿ 1124ರ ಕ್ರಿಸ್‌ಮಸ್ ಹೊತ್ತಿಗೆ ಟಂಕಕಾರರನ್ನೆಲ್ಲ ವಿಂಚೆಸ್ಟರಿಗೆ ಕರೆಸಿ ತಪ್ಪಿತಸ್ಥರ ಬಲಗೈ ಕಡಿಸಿದ ಪ್ರಸಂಗ ಆ ಕಾಲದ ವೃತ್ತಾಂತದಲ್ಲೇ ದಾಖಲಾಗಿದೆ.

ಮೂರನೇ ಹೆನ್ರಿ 1247ರಲ್ಲಿ ಶಿಲುಬೆಯ ತೋಳುಗಳನ್ನು ನಾಣ್ಯದ ಅಂಚಿನವರೆಗೆ ಚಾಚಿಸಿದ. ಅಂಚನ್ನು ಕತ್ತರಿಯಿಂದ ಸವರಿ ಬೆಳ್ಳಿ ಕದಿಯುವ ಕೆಟ್ಟ ಚಾಳಿ ಆಗ ಹೆಚ್ಚಾಗಿತ್ತು, ಶಿಲುಬೆಯ ತುದಿ ಕಾಣದಿದ್ದರೆ ನಾಣ್ಯ ಕತ್ತರಿಸಿದ್ದೆಂದು ತಕ್ಷಣ ಗೊತ್ತಾಗಲಿ ಎಂಬ ಉಪಾಯ. ಅವನ ನಾಣ್ಯಗಳಲ್ಲಿ ಹೆಸರಿನ ಮುಂದೆ 'ಮೂರನೆಯ' ಎಂದೂ ಇರುತ್ತದೆ. ಹೀಗೆ ಎಣಿಕೆ ಹಾಕಿಕೊಂಡ ಇಂಗ್ಲೆಂಡಿನ ಇನ್ನೊಬ್ಬ ರಾಜ ಸಿಗಬೇಕಾದರೆ ಏಳನೇ ಹೆನ್ರಿಯವರೆಗೆ ಕಾಯಬೇಕು. ನಡುವಿನ ಎಡ್ವರ್ಡ್, ರಿಚರ್ಡ್, ಹೆನ್ರಿಗಳು ನಮ್ಮನ್ನು ಪರದಾಡಿಸುವುದು ಇದಕ್ಕೇ.

ಹೊಲದಲ್ಲಿ ಅತಿ ಹೆಚ್ಚು ಸಿಗುವ ನಾಣ್ಯಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಮೊದಲನೇ ಎಡ್ವರ್ಡ್ 1279ರಲ್ಲಿ ಹೊರಡಿಸಿದ ಹೊಸ ಪೆನ್ನಿ. ಮುಂಬದಿಯಲ್ಲಿ ನಮ್ಮನ್ನೇ ದಿಟ್ಟಿಸುವ ಮುಖ, ಮೂರು ಮೊನೆಯ ಕಿರೀಟ, ಎರಡೂ ಕಿವಿಯ ಪಕ್ಕ ಗುಂಗುರು ಕೂದಲು. ಇದನ್ನು ಎಡ್ವರ್ಡನ ಹೋಲಿಕೆ ಎಂದುಕೊಳ್ಳಬೇಡಿ, ರಾಜ ಎಂಬುದಕ್ಕೆ ಒಂದು ಚಿಹ್ನೆ ಅಷ್ಟೆ. ಮುಖದ ಸುತ್ತ ಲ್ಯಾಟಿನ್ ಬರಹ: 'ಎಡ್ವ್ ಆರ್ ಆಂಗ್ಲ್ ಡಿಎನ್ಎಸ್ ಹಿಬ್'. ಬಿಡಿಸಿದರೆ, ಎಡ್ವರ್ಡ್, ಇಂಗ್ಲೆಂಡಿನ ರಾಜ, ಐರ್ಲೆಂಡಿನ ಒಡೆಯ. ಓದಲು ಶುರು ಮಾಡಬೇಕಾದ್ದು ಗಡಿಯಾರದ ಹನ್ನೆರಡರ ಜಾಗದಿಂದ, ಅಲ್ಲೊಂದು ಪುಟ್ಟ ಶಿಲುಬೆ ಇರುತ್ತದೆ. ಹಿಂಬದಿಯಲ್ಲಿ ಅಂಚಿನವರೆಗಿನ ಉದ್ದ ಶಿಲುಬೆ, ಅದರ ನಾಲ್ಕು ಮೂಲೆಯಲ್ಲೂ ಮೂರು ಮೂರು ಚುಕ್ಕೆ. ಟಂಕಕಾರನ ಹೆಸರು ಮಾಯವಾಗಿ ಊರಿನ ಹೆಸರು ಮಾತ್ರ ಉಳಿದಿದೆ. ಶಿಲುಬೆ ಆ ಬರಹವನ್ನು ನಾಲ್ಕು ತುಂಡು ಮಾಡುತ್ತದೆ: 'ಸಿವಿ', 'ಟಾಸ್', 'ಲೊನ್', 'ಡೊನ್'. ಅಂದರೆ ಲಂಡನ್ ನಗರ. ಮೂರು ತುಂಡು ಸವೆದು ಹೋಗಿ 'ಟೊರ್' ಎಂಬುದೊಂದೇ ಉಳಿದಿದ್ದರೂ ಸಾಕು, ಅದು 'ಕಾನ್‌ಟೊರ್', ಅಂದರೆ ಕ್ಯಾಂಟರ್ಬರಿ. 'ಎಬೊ' ಎಂದಿದ್ದರೆ ಯಾರ್ಕ್. 'ವಿಲ್ಲಾ' ಎಂದು ಶುರುವಾದರೆ ಬ್ರಿಸ್ಟಲ್, ನ್ಯೂಕಾಸಲ್‌ನಂಥ ಊರು.

ಲಂಡನ್, ಕ್ಯಾಂಟರ್ಬರಿ, ಡರ್ಹಮ್ ಊರಿನವು ರಾಶಿ ರಾಶಿ. ಚೆಸ್ಟರ್, ಎಕ್ಸೆಟರ್, ಹಲ್ ಪಟ್ಟಣದ ಹಳೆಯ ಹೆಸರಾದ 'ಕಿಂಗ್‌ಸ್ಟನ್' ಕಂಡರೆ ಮಾತ್ರ ಕುರ್ಚಿ ಎಳೆದು ಕೂತು ಇನ್ನೊಮ್ಮೆ ನೋಡಿ. ಆ ಟಂಕಸಾಲೆಗಳು ಕೆಲಸ ಮಾಡಿದ್ದು ಸ್ವಲ್ಪ ಕಾಲ, ನಾಣ್ಯ ಕಡಿಮೆ, ಬೆಲೆ ಹಲವು ಪಟ್ಟು.

ತೊಂದರೆ ಏನೆಂದರೆ ಈ ಮುಖ, ಈ ಶಿಲುಬೆ, ಈ ಹನ್ನೆರಡು ಚುಕ್ಕೆಗಳ ವಿನ್ಯಾಸ 200 ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಹಾಗೆಯೇ ಮುಂದುವರಿಯಿತು. ಇಲ್ಲಿ ಕೈ ಹಿಡಿಯುವುದು ತಕ್ಕಡಿ. ಎರಡು ದಶಮಾಂಶದವರೆಗೆ ತೋರಿಸುವ ಅಗ್ಗದ ಡಿಜಿಟಲ್ ತಕ್ಕಡಿ ಸಾಕು, ಭೂತಗನ್ನಡಿಗಿಂತ ಮೊದಲು ಕೊಳ್ಳಬೇಕಾದ್ದು ಅದನ್ನೇ. ಪೆನ್ನಿಯ ಅಧಿಕೃತ ತೂಕ 1279ರಲ್ಲಿ ಸುಮಾರು 1.44 ಗ್ರಾಂ. 1351ರಲ್ಲಿ 1.17 ಗ್ರಾಮಿಗೆ ಇಳಿಯಿತು, 1412ರಲ್ಲಿ 0.97, 1464ರಲ್ಲಿ 0.78. ಯುದ್ಧ ಮತ್ತು ಬೆಳ್ಳಿಯ ಅಭಾವದ ಇತಿಹಾಸವೆಲ್ಲ ಈ ನಾಲ್ಕು ಅಂಕಿಗಳಲ್ಲಿದೆ. ಈಗ 0.9 ಗ್ರಾಂ ತೂಗುವ ಪೆನ್ನಿ ಸಿಕ್ಕಿತೆನ್ನಿ. ಸುತ್ತಲಿನ ಬರಹ ಪೂರ್ತಿ ಇದ್ದರೆ ಅದು 15ನೇ ಶತಮಾನದ್ದಿರಬೇಕು. ಬರಹದ ತಲೆಯೇ ಹಾರಿಹೋಗಿದ್ದರೆ ಹಳೆಯ ಭಾರದ ನಾಣ್ಯದ ಅಂಚನ್ನು ಯಾರೋ ಸವರಿದ್ದಾರೆ. ತೂಕವೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ, ಅಂಚಿನ ಜೊತೆ ಸೇರಿಸಿ ನೋಡಿದರೆ ಶತಮಾನ ಸಿಗುತ್ತದೆ.

ಆಮೇಲೆ ಅಕ್ಷರ. 'ಎಡ್ವ್ ಆರ್' ಎಂದು ಚಿಕ್ಕದಾಗಿದ್ದರೆ ಬಹುತೇಕ ಮೊದಲನೇ ಎಡ್ವರ್ಡನ ಮೊದಲ ವರ್ಷಗಳು. 'ಎಡ್ವಾ' ಎಂದು ಬೆಳೆದಿದ್ದರೆ 1300ರ ನಂತರದ್ದು, ಅವನದೂ ಆಗಬಹುದು, 1307ರಲ್ಲಿ ಪಟ್ಟಕ್ಕೆ ಬಂದ ಮಗನದೂ ಆಗಬಹುದು. 'ಎಡ್ವರ್ಡಸ್ ರೆಕ್ಸ್' ಎಂದು ಪೂರ್ತಿ ಇದ್ದರೆ ಮೊಮ್ಮಗ ಮೂರನೇ ಎಡ್ವರ್ಡನ ಕಡೆ ತಿರುಗಿ. ಕಿರೀಟದ ಮೊನೆ, ಎನ್ ಅಕ್ಷರ ತಿರುಗುಮುರುಗಾಗಿದೆಯೇ ಎಂಬಂಥ ಸೂಕ್ಷ್ಮಗಳಿಂದ ಈ ಪೆನ್ನಿಗಳನ್ನು 15 ವರ್ಗಗಳಾಗಿ ವಿಂಗಡಿಸಿದ್ದಾರೆ. ಆ ವಿಂಗಡಣೆಯ ಗುಂಗು ಹಿಡಿದವರು ಊಟ ಮರೆಯುತ್ತಾರೆ. ಮಾರಾಟದ ಬೆಲೆ ಗೊತ್ತಾದರೆ ಸಾಕು ಎನ್ನುವವರಿಗೆ ರಾಜ, ಊರು, ಸ್ಥಿತಿ ಈ ಮೂರೇ ಸಾಕು.

ಎಡ್ವರ್ಡನಂತೆ ಕಂಡೂ ಎಡ್ವರ್ಡನಲ್ಲದವೂ ಇವೆ. ಪಕ್ಕಕ್ಕೆ ತಿರುಗಿದ ಮುಖ, ಹಿಂಬದಿಯಲ್ಲಿ ಚುಕ್ಕೆಯ ಬದಲು ನಕ್ಷತ್ರ ಇದ್ದರೆ ಅದು ಸ್ಕಾಟ್ಲೆಂಡಿನ ಪೆನ್ನಿ, ಹೆಚ್ಚಾಗಿ ರಾಜ ಅಲೆಕ್ಸಾಂಡರನದು. ಮುಖ ತ್ರಿಕೋನದೊಳಗಿದ್ದರೆ ಐರ್ಲೆಂಡಿನದು. ಕಿರೀಟದ ಬದಲು ತಲೆಗೆ ಹೂವಿನ ಪಟ್ಟಿ ಇದ್ದರೆ ಸಮುದ್ರದಾಚೆಯ ಫ್ಲಾಂಡರ್ಸ್ ಸೀಮೆಯ ನಕಲು. ಅಂಥವು 1290ರ ದಶಕದಲ್ಲಿ ಇಂಗ್ಲೆಂಡಿಗೆ ಎಷ್ಟು ನುಗ್ಗಿದವೆಂದರೆ ಎಡ್ವರ್ಡ್ ಅವನ್ನು ಚಲಾವಣೆಯಿಂದಲೇ ಕಿತ್ತುಹಾಕಬೇಕಾಯಿತು. ಅಂದಿನ ಆ ನಕಲುಗಳಿಗೂ ಈಗ ಸಂಗ್ರಹಕಾರರಿದ್ದಾರೆ.

ಟ್ಯೂಡರ್ ರಾಜವಂಶದ ಕಾಲಕ್ಕೆ ಬಂದರೆ ಉಸಿರಾಡಬಹುದು. ಮೊದಲನೇ ಎಲಿಜಬೆತ್ ರಾಣಿಯ ಆಡಳಿತ 1561ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಒಂದೇ ಮುಖದ ಹಲವು ಮೌಲ್ಯದ ನಾಣ್ಯ ಓಡಾಡುವಾಗ ಜನ ಗೊಂದಲಕ್ಕೆ ಬೀಳಬಾರದೆಂದು ಆರು ಪೆನ್ಸ್, ಮೂರು ಪೆನ್ಸ್, ಒಂದೂವರೆ ಪೆನ್ನಿ, ಮುಕ್ಕಾಲು ಪೆನ್ನಿಗಳಲ್ಲಿ ರಾಣಿಯ ತಲೆಯ ಹಿಂದೆ ಗುಲಾಬಿಯೊಂದನ್ನು ಇಟ್ಟು, ಹಿಂಬದಿಯ ಗುರಾಣಿಯ ಮೇಲೆ ಇಸವಿ ಒತ್ತಿಸಿತು. ಷಿಲ್ಲಿಂಗ್ (ಹನ್ನೆರಡು ಪೆನ್ಸ್), ನಾಲ್ಕು ಪೆನ್ಸ್, ಎರಡು ಪೆನ್ಸ್, ಪೆನ್ನಿಗಳಿಗೆ ಗುಲಾಬಿ ಇಲ್ಲ. ಆದ್ದರಿಂದ ಗುಲಾಬಿ ಇದೆಯೇ, ಅಗಲ ಎಷ್ಟು ಎಂದು ನೋಡಿದರೆ ಮುಗಿಯಿತು. ಸುಮಾರು 26 ಮಿಲಿಮೀಟರ್ ಅಗಲದ, 3 ಗ್ರಾಮಿನ ಆಸುಪಾಸಿನ ಗುಲಾಬಿ ನಾಣ್ಯ ಆರು ಪೆನ್ಸ್, ಅದರ ಅರ್ಧ ತೂಕದ್ದು ಮೂರು ಪೆನ್ಸ್. ಇಸವಿ ಸವೆದಿದ್ದರೂ ಗಾಬರಿ ಬೇಡ. ಬರಹ ಶುರುವಾಗುವಲ್ಲಿ ಟಂಕಸಾಲೆಯ ಗುರುತು ಇರುತ್ತದೆ: ಕೋಟೆ ಇದ್ದರೆ 1570ರಿಂದ 72, ಓಕ್ ಮರದ ಕಾಯಿ ಇದ್ದರೆ 1573–74, ಅರ್ಧಚಂದ್ರ ಇದ್ದರೆ 1587ರಿಂದ 89. ನಾಣ್ಯಗಳ ಬೆಳ್ಳಿಯನ್ನು ಆಗಾಗ ಪರೀಕ್ಷೆಗೆ ಒಡ್ಡುತ್ತಿದ್ದರು, ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಗುರುತು ಬದಲಾಗುತ್ತಿತ್ತು. ಮುಂದೆ ಜೇಮ್ಸ್, ಚಾರ್ಲ್ಸ್ ಕಾಲದಲ್ಲಿ ಮೌಲ್ಯವನ್ನು ರಾಜನ ತಲೆಯ ಹಿಂದೆ ರೋಮನ್ ಅಂಕಿಯಲ್ಲೇ ಬರೆದರು.

ಎಲಿಜಬೆತ್ತಳ ತಂದೆ ಎಂಟನೇ ಹೆನ್ರಿಯ ಕಥೆಯೇ ಬೇರೆ. ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿ ಎಂದರೆ ನೂರಕ್ಕೆ 92.5 ಭಾಗ ಶುದ್ಧ. ಹೆನ್ರಿ 1544ರಿಂದ ತಾಮ್ರ ಬೆರೆಸುತ್ತ ಹೋಗಿ ಕೊನೆಗೆ ಬೆಳ್ಳಿಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದ. ನಾಣ್ಯ ಸವೆದಂತೆ ಉಬ್ಬಿದ ಮೂಗಿನ ತುದಿಯಲ್ಲಿ ತಾಮ್ರ ಇಣುಕತೊಡಗಿತು, ಜನ ಅವನನ್ನು 'ಮುದಿ ತಾಮ್ರಮೂಗ' ಎಂದು ಆಡಿಕೊಂಡರು. ಮಣ್ಣಿನಲ್ಲಿ ಕೆಂಪು ಮೂಗಿನ ಹೆನ್ರಿ ಸಿಕ್ಕರೆ ಖೋಟಾ ಎಂದು ಎಸೆಯಬೇಡಿ, ಅದು ಸರ್ಕಾರವೇ ಮಾಡಿದ ಬೆರಕೆ.

ಇನ್ನು ಬೆಲೆ. ಲಂಡನ್ನಿನ ಎಡ್ವರ್ಡ್ ಪೆನ್ನಿ, ಸವೆದಿದ್ದರೂ ಓದಲು ಬರುವಂತಿದ್ದರೆ ಸಾಮಾನ್ಯವಾಗಿ 20ರಿಂದ 40 ಪೌಂಡ್. ಅದೇ ನಾಣ್ಯದಲ್ಲಿ ಕಣ್ಣು, ಕೂದಲು, ಬರಹ ಎಲ್ಲ ಗರಿಗರಿಯಾಗಿದ್ದರೆ ಅದರ ಎರಡು ಮೂರು ಪಟ್ಟು. ವ್ಯಾಪಾರಿಗಳು ಸ್ಥಿತಿಯನ್ನು 'ಫೈನ್', 'ವೆರಿ ಫೈನ್', 'ಎಕ್ಸ್‌ಟ್ರೀಮ್‌ಲಿ ಫೈನ್' ಎಂದು ಮೆಟ್ಟಿಲು ಮಾಡಿದ್ದಾರೆ, ಒಂದೊಂದು ಮೆಟ್ಟಿಲಿಗೂ ಬೆಲೆ ನೆಗೆಯುತ್ತದೆ. ಹೆಸರು ಕೇಳಿ ಮರುಳಾಗಬೇಡಿ, 'ಫೈನ್' ಎಂದರೆ ಸಾಕಷ್ಟು ಸವೆದದ್ದು ಎಂದೇ ಅರ್ಥ. ಹೊಲದಲ್ಲಿ ಸಿಗುವ ಬಹುಪಾಲು ನಾಣ್ಯಗಳು ಅದಕ್ಕಿಂತಲೂ ಕೆಳಗೆ. ನೇಗಿಲು ತಗುಲಿ ಬಾಗಿದ್ದು, ಬಿರುಕು ಬಿಟ್ಟದ್ದು, ಗೊಬ್ಬರದ ರಾಸಾಯನಿಕಕ್ಕೆ ಮೈ ಕಿತ್ತುಹೋದದ್ದು ಅರ್ಧ ಬೆಲೆಗೂ ಹೋಗುವುದು ಕಷ್ಟ. ಬೆಲೆಪುಸ್ತಕದಲ್ಲಿ ಇರುವುದು ಅಂಗಡಿಯವನು ಮಾರುವ ಬೆಲೆ, ಅವನು ನಿಮ್ಮಿಂದ ಕೊಳ್ಳುವ ಬೆಲೆಯಲ್ಲ. ಹರಾಜಿಗೆ ಕೊಟ್ಟರೆ ಅಲ್ಲೂ ಕಮಿಷನ್ ಕಳೆಯುತ್ತದೆ.

ವಿರಳತೆಯ ಲೆಕ್ಕವೂ ನೇರವಲ್ಲ. ಮೊದಲನೇ ವಿಲಿಯಂನ 'ಪ್ಯಾಕ್ಸ್' (ಲ್ಯಾಟಿನ್‌ನಲ್ಲಿ ಶಾಂತಿ) ಮಾದರಿಯ ಪೆನ್ನಿ 900 ವರ್ಷಕ್ಕೂ ಹಳೆಯದು. ಹ್ಯಾಂಪ್‌ಷೈರಿನ ಬೋವರ್ತ್‌ನಲ್ಲಿ 1833ರಲ್ಲಿ ಇಂಥವು ಸಾವಿರಾರು ಒಟ್ಟಿಗೆ ಸಿಕ್ಕಿದ್ದರಿಂದ ವಿಲಿಯಂನ ನಾಣ್ಯಗಳಲ್ಲೆಲ್ಲ ಸುಲಭವಾಗಿ ದೊರೆಯುವುದು ಅದೇ. ಇನ್ನೊಂದು ಕಡೆ, 1066ರಲ್ಲಿ ಒಂಬತ್ತು ತಿಂಗಳಷ್ಟೇ ಆಳಿದ ಹೆರಾಲ್ಡನ ಪೆನ್ನಿ ಒಂದೊಂದೂ ಸಾವಿರಾರು ಪೌಂಡ್. ಸಾಮರ್‌ಸೆಟ್ ಸೀಮೆಯ ಚ್ಯೂ ವ್ಯಾಲಿಯಲ್ಲಿ 2019ರಲ್ಲಿ ಏಳು ಜನರ ಗುಂಪಿಗೆ ಹೆರಾಲ್ಡ್ ಮತ್ತು ವಿಲಿಯಂ ಕಾಲದ 2,584 ಬೆಳ್ಳಿ ನಾಣ್ಯ ಸಿಕ್ಕವು. ಅವನ್ನು ವಸ್ತುಸಂಗ್ರಹಾಲಯಕ್ಕೆಂದು 2024ರಲ್ಲಿ 43 ಲಕ್ಷ ಪೌಂಡಿಗೆ ಕೊಳ್ಳಲಾಯಿತು. ಸರಾಸರಿ ಹಾಕಿದರೆ ನಾಣ್ಯಕ್ಕೆ 1,660 ಪೌಂಡಿನಷ್ಟು. ಹಣದಲ್ಲಿ ಅರ್ಧ ಜಮೀನಿನ ಒಡೆಯನದು.

ಬೆಲೆ ಹಾಳುಮಾಡಲು ಅತಿ ಸುಲಭದ ದಾರಿ ತೊಳೆಯುವುದು. ನಿಂಬೆಹುಳಿ, ಹುಣಸೆ, ಟೂತ್‌ಪೇಸ್ಟ್, ಅಡುಗೆ ಸೋಡ ಇವೆಲ್ಲ ಮನೆಯ ದೀಪಕ್ಕೆ ಸರಿ. ನಾಣ್ಯದ ಮೇಲೆ ಶತಮಾನಗಳಿಂದ ಕೂತ ಬೂದು ಪೊರೆಯನ್ನು ಉಜ್ಜಿ ತೆಗೆದರೆ ಅದರ ಜೊತೆ ಅಕ್ಷರದ ಮೊನೆಯೂ ಹೋಗುತ್ತದೆ, ಹೊಳಪು ಕಂಡ ಕೂಡಲೇ ಸಂಗ್ರಹಕಾರ ಕೈ ಹಿಂದೆಗೆಯುತ್ತಾನೆ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ಮಣ್ಣು ತಾನಾಗಿ ಬಿಡಲು ಬಿಡಿ, ಉಜ್ಜದೆ ಒಣಗಿಸಿ, ಅಷ್ಟಕ್ಕೆ ನಿಲ್ಲಿಸಿ. ಮಡಚಿದ ನಾಣ್ಯವನ್ನು ನೆಟ್ಟಗೆ ಮಾಡಲು ಹೋಗಲೇಬೇಡಿ. ನೆಲದಲ್ಲಿ ಇದ್ದೂ ಇದ್ದೂ ಬೆಳ್ಳಿ ಪೆಡಸಾಗಿರುತ್ತದೆ, ಹಪ್ಪಳದಂತೆ ಪಟಕ್ಕನೆ ಎರಡಾಗುತ್ತದೆ. ಅದು ನೇಗಿಲಿನಿಂದ ಆದದ್ದೇ ಆಗಿರಬೇಕೆಂದೂ ಇಲ್ಲ. ಕಾಯಿಲೆ ಬಿದ್ದಾಗ ಸಂತನ ಹೆಸರಿನಲ್ಲಿ ಪೆನ್ನಿ ಮಡಚಿ ಹರಕೆ ಕಟ್ಟಿಕೊಳ್ಳುವ ರೂಢಿ ಮಧ್ಯಯುಗದ ಇಂಗ್ಲೆಂಡಿನಲ್ಲಿತ್ತು. ನಮ್ಮಲ್ಲಿ ಅರಿಶಿನ ಬಟ್ಟೆಯಲ್ಲಿ ಮುಡಿಪು ಕಟ್ಟಿಡುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹಾಗೆ ಮಡಚಿದ ನಾಣ್ಯಕ್ಕೆ ಪೇಟೆಯಲ್ಲಿ ಬೆಲೆ ಕಡಿಮೆ, ನನ್ನ ಕಣ್ಣಿಗೆ ಅದೇ ಹೆಚ್ಚಿನದು.

ಖೋಟಾ ಬಗ್ಗೆ ಎರಡು ಮಾತು. ಅಂಚಿನ ಉದ್ದಕ್ಕೂ ಸಣ್ಣ ಬೆಸುಗೆಯ ಗೆರೆ, ಮೈಮೇಲೆ ಗುಳ್ಳೆಯಂಥ ಚುಕ್ಕಿ ಕಂಡರೆ ಅದು ಎರಕ ಹೊಯ್ದದ್ದು, ಸುತ್ತಿಗೆಯದಲ್ಲ. ಮ್ಯೂಸಿಯಂ ಅಂಗಡಿಯ ಆಟಿಕೆ ನಾಣ್ಯಗಳನ್ನು ಮಕ್ಕಳು ಹೊಲದಲ್ಲಿ ಬೀಳಿಸಿ, ಮೂವತ್ತು ವರ್ಷದ ನಂತರ ಅವೇ ದೊಡ್ಡವರ ಎದೆ ಡವಗುಟ್ಟಿಸುವುದುಂಟು.

ಕಾನೂನು ಗೊತ್ತಿಲ್ಲದೆ ಡಿಟೆಕ್ಟರ್ ಎತ್ತಬಾರದು. ಲಂಡನ್, ರೆಡಿಂಗ್, ಮ್ಯಾಂಚೆಸ್ಟರ್ ಕಡೆ ನೆಲೆಸಿ ಈ ಹವ್ಯಾಸಕ್ಕೆ ಬೀಳುವ ಕನ್ನಡಿಗರು ಇದನ್ನು ಗಮನಿಸಲಿ. ಹೊಲದ ಒಡೆಯನ ಅನುಮತಿ ಬೇಕೇ ಬೇಕು, ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಡಿಟೆಕ್ಟರ್ ಹಿಡಿಯುವುದೇ ಅಪರಾಧ. 1996ರ ಟ್ರೆಷರ್ ಕಾಯ್ದೆಯ ಪ್ರಕಾರ 300 ವರ್ಷಕ್ಕೂ ಹಳೆಯ ಎರಡು ಅಥವಾ ಹೆಚ್ಚು ಬೆಳ್ಳಿ ನಾಣ್ಯ ಒಂದೇ ಗಂಟಿನವಾಗಿ ಸಿಕ್ಕರೆ ಅದು ನಿಧಿ, 14 ದಿನದೊಳಗೆ ಕೊರೋನರ್‌ಗೆ (ನಿಧಿಗಳ ವಿಚಾರಣೆ ನಡೆಸುವ ಸ್ಥಳೀಯ ಅಧಿಕಾರಿ) ವರದಿ ಹೋಗಬೇಕು. ಒಂಟಿ ನಾಣ್ಯ ಸಾಮಾನ್ಯವಾಗಿ ಈ ಕಾಯ್ದೆಗೆ ಒಳಪಡುವುದಿಲ್ಲ. ಸ್ಕಾಟ್ಲೆಂಡಿನ ಕಾನೂನು ಬೇರೆ, ಅಲ್ಲಿ ಒಂಟಿಯನ್ನೂ ತಿಳಿಸಬೇಕು. ನಿಧಿ ಎಂದಾದರೆ ಸ್ವತಂತ್ರ ಸಮಿತಿಯೊಂದು ಬೆಲೆ ಕಟ್ಟುತ್ತದೆ, ಕೊಳ್ಳುವ ಮ್ಯೂಸಿಯಂ ಆ ಹಣವನ್ನು ಕೊಡುತ್ತದೆ. ಬ್ರಿಟನ್ನಿನ ಮಣ್ಣಿನಲ್ಲಿ ಸಿಕ್ಕ ಪುರಾತನ ವಸ್ತುವನ್ನು ಊರಿನವರಿಗೆ ತೋರಿಸಲೆಂದು ಸೂಟ್‌ಕೇಸಿನಲ್ಲಿ ತರುವಂತಿಲ್ಲ, ಅದಕ್ಕೆ ರಫ್ತು ಪರವಾನಗಿ ಬೇಕು. ನಮ್ಮ ದೇಶದಲ್ಲಂತೂ 1878ರ ನಿಖಾತ ನಿಧಿ ಕಾಯ್ದೆ ಇನ್ನೂ ಜಾರಿಯಲ್ಲಿದ್ದು, ನೆಲದಲ್ಲಿ ಸಿಕ್ಕ ವಸ್ತುವಿನ ಬೆಲೆ 10 ರೂಪಾಯಿ ಮೀರಿದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೆರ್‌ಫರ್ಡ್‌ಷೈರಿನ ಪ್ರಕರಣ ನೋಡಿ. 2015ರಲ್ಲಿ ಇಬ್ಬರಿಗೆ ವೈಕಿಂಗ್ ಕಾಲದ ಗಂಟೊಂದು ಸಿಕ್ಕಿತು, ಅದರಲ್ಲಿ ಸುಮಾರು 300 ನಾಣ್ಯ ಇದ್ದವೆಂದು ಅಂದಾಜು. ವರದಿ ಮಾಡದೆ ಗುಟ್ಟಾಗಿ ಮಾರಲು ಹೊರಟರು. 2019ರಲ್ಲಿ ಇಬ್ಬರಿಗೂ ಜೈಲಾಯಿತು, ನಾಣ್ಯಗಳಲ್ಲಿ ಬಹುಪಾಲು ಇಂದಿಗೂ ಪತ್ತೆಯಿಲ್ಲ. ಸಿಕ್ಕ ಕೆಲವೇ ನಾಣ್ಯಗಳಲ್ಲಿ ಆಗಿನ ಇಂಗ್ಲೆಂಡಿನ ಎರಡು ರಾಜ್ಯಗಳಾದ ವೆಸೆಕ್ಸಿನ ರಾಜ ಆಲ್ಫ್ರೆಡ್ ಮತ್ತು ಮರ್ಸಿಯಾದ ರಾಜ ಕಿಯೊಲ್‌ವುಲ್ಫ್ ಕಾಲದ ಅತಿ ವಿರಳ ಪೆನ್ನಿಗಳಿದ್ದವು. ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕ ಕೂತ ಒಂದೇ ಚಿತ್ರವನ್ನು ಈ ಇಬ್ಬರು ರಾಜರೂ ತಮ್ಮ ತಮ್ಮ ನಾಣ್ಯದಲ್ಲಿ ಟಂಕಿಸಿದ್ದರು. ಕಿಯೊಲ್‌ವುಲ್ಫನನ್ನು ವೈಕಿಂಗರ ಕೈಗೊಂಬೆ ಎಂದು ಹಳೆಯ ವೃತ್ತಾಂತ ಜರೆದಿತ್ತು, ಇಬ್ಬರೂ ಜೊತೆಗಾರರಾಗಿದ್ದರು ಎಂದು ಈ ಬೆಳ್ಳಿ ಹೇಳುತ್ತದೆ.

ನಾಣ್ಯ ಸಿಕ್ಕ ಜಾಗದ ನಿಖರ ಗುರುತನ್ನು ಫೋನಿನಲ್ಲಿ ಆಗಲೇ ದಾಖಲಿಸಿಕೊಳ್ಳಿ ಎಂದು ಬಲ್ಲವರು ಹೇಳುವುದು ಇಂಥ ಇತಿಹಾಸ ಕಳೆದುಹೋಗದಿರಲಿ ಎಂದೇ. ಆಯಾ ಜಿಲ್ಲೆಯಲ್ಲಿ ಪೋರ್ಟಬಲ್ ಆಂಟಿಕ್ವಿಟೀಸ್ ಯೋಜನೆಯ ಅಧಿಕಾರಿ ಇರುತ್ತಾರೆ, ಅವರು ಹಣ ಕೇಳದೆ ನಾಣ್ಯವನ್ನು ಗುರುತಿಸಿ, ತೂಗಿ, ಚಿತ್ರ ತೆಗೆದು ದಾಖಲಿಸುತ್ತಾರೆ. ಇಂಗ್ಲೆಂಡಿನಲ್ಲಿ ಬ್ರಿಟಿಷ್ ಮ್ಯೂಸಿಯಂ ನೋಡಿಕೊಳ್ಳುವ ಆ ದಾಖಲೆಕೋಶದಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ, ಯಾರು ಬೇಕಾದರೂ ಹುಡುಕಬಹುದು. ನಿಮ್ಮ ನಾಣ್ಯದ ಜೋಡಿ ಅಲ್ಲಿ ಸಿಕ್ಕರೆ ರಾಜ, ಊರು, ಇಸವಿ ಮೂರೂ ಸಿಕ್ಕಂತೆ. ಬೆಲೆಯನ್ನು ಮಾತ್ರ ಅವರು ಹೇಳುವುದಿಲ್ಲ, ಅದಕ್ಕೆ ಹರಾಜುಗಳ ಹಳೆಯ ಫಲಿತಾಂಶವನ್ನೇ ನೋಡಬೇಕು.